ತಾನೇ ಸುರುಳಿ ಸುತ್ತಿಕೊಳ್ಳುವ ಪದರ

ಇಸ್ತ್ರಿಪೆಟ್ಟಿಗೆಯ ಥರ್ಮೊಸ್ಟ್ಯಾಟ್ ಬಿಚ್ಚಿ ನೋಡಿದ್ದೀರಾ? ಬೆಸೆದಿಟ್ಟ ಎರಡು ಲೋಹದ ಪಟ್ಟಿಗಳು. ಬಿಸಿಯಾದರೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಇಬ್ಬರ ಎಳೆದಾಟದಲ್ಲಿ ಪಟ್ಟಿ ಬಾಗಿ ಕರೆಂಟ್ ಕಟ್ ಆಗುತ್ತದೆ. ಇಂಥದೇ ಎಳೆದಾಟದಿಂದ ನ್ಯಾನೊಮೀಟರ್ ಗಾತ್ರದ ಕೊಳವೆ, ಸ್ಪ್ರಿಂಗ್ ಮಾಡುವ ವಿಧಾನವನ್ನು ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ವಿಕ್ಟರ್ ಪ್ರಿಂಟ್ಸ್ ತಂಡ 2000ದಲ್ಲಿ ಪ್ರಕಟಿಸಿತು. ಮರುವರ್ಷ ಜರ್ಮನಿಯ ಶ್ಮಿಟ್ ಮತ್ತು ಎಬರ್ಲ್ 'ನೇಚರ್'ನಲ್ಲಿ ಬರೆದರು.

ಇಲ್ಲಿ ಬಿಸಿ ಬೇಕಿಲ್ಲ. ಗ್ಯಾಲಿಯಂ ಆರ್ಸೆನೈಡ್ ಹರಳಿನ ಒಂದು ಕೋಶದ ಅಳತೆ 5.65 ಆಂಗ್‌ಸ್ಟ್ರಾಂ, ಇಂಡಿಯಂ ಆರ್ಸೆನೈಡ್‌ನದು 6.06. ಸುಮಾರು 7% ವ್ಯತ್ಯಾಸ. ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯ ಮೇಲೆ ಮೊದಲು ಅಲ್ಯೂಮಿನಿಯಂ ಆರ್ಸೆನೈಡ್‌ನ ಪದರ, ಅದರ ಮೇಲೆ ಇಂಡಿಯಂ ಬೆರೆಸಿದ ಪದರ, ಅದಕ್ಕೂ ಮೇಲೆ ಮತ್ತೆ ಗ್ಯಾಲಿಯಂ ಆರ್ಸೆನೈಡ್. ಇಂಡಿಯಂ ಪದರ ಕೆಳಗಿನ ಅಳತೆಗೆ ಹೊಂದಿಕೊಳ್ಳಲು ಮೈ ಹಿಡಿದುಕೊಂಡು ಕೂತಿರುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ಆರ್ಸೆನೈಡನ್ನು ಮಾತ್ರ ಕರಗಿಸುತ್ತದೆ. ಬುಡ ತಪ್ಪಿದ್ದೇ ತಡ, ಕೆಳಪದರ ಹಿಗ್ಗಿ ಮೇಲಿನದನ್ನು ಎಳೆಯುತ್ತದೆ, ಮೇಲಿನದು ಎಳೆತ ತಡೆಯುತ್ತದೆ, ಇಡೀ ಹಾಳೆ ಮೇಲಕ್ಕೆ ಮಡಚಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ.

ವ್ಯಾಸ ಎಷ್ಟು? 1925ರಲ್ಲಿ ಟಿಮೊಶೆಂಕೊ ಥರ್ಮೊಸ್ಟ್ಯಾಟ್‌ಗಾಗಿ ಬರೆದ ಸೂತ್ರವೇ ಸಾಕು. ನಾನು ಕೂತು ಲೆಕ್ಕ ಹಾಕಿದೆ: ತಲಾ 10 ನ್ಯಾನೊಮೀಟರ್ ದಪ್ಪದ ಎರಡು ಪದರ, 1.4% ವ್ಯತ್ಯಾಸ ಇದ್ದರೆ ವ್ಯಾಸ ಹತ್ತಿರ ಹತ್ತಿರ 2 ಮೈಕ್ರೋಮೀಟರ್. ಪದರ ತೆಳುವಾದಷ್ಟೂ ಕೊಳವೆ ಸಣ್ಣದಾಗುತ್ತದೆ. ಹಾಳೆಯ ಬದಲು ಕಿರಿದಾದ ಪಟ್ಟಿ ಕತ್ತರಿಸಿ, ಹರಳು ಸುಲಭವಾಗಿ ಬಾಗುವ ದಿಕ್ಕಿಗೆ ಓರೆಯಾಗಿಟ್ಟರೆ ಕೊಳವೆಯ ಬದಲು ಸ್ಪ್ರಿಂಗ್! ನನಗೆ ಇದೇ ಬಹಳ ಇಷ್ಟವಾಗಿದ್ದು. ಸ್ಟ್ರೇನ್ ಅಂದರೆ ನಮ್ಮ ಪುಸ್ತಕದಲ್ಲಿ ಹರಳಿನಲ್ಲಿ ದೋಷ ಹುಟ್ಟಿಸುವ ಪೀಡೆ. ಇಲ್ಲಿ ಅದೇ ಕೆಲಸಗಾರ.

ಒಣಗಿಸುವುದೇ ಕಷ್ಟ. ದ್ರವ ಆರುವಾಗ ಅದರ ಮೇಲ್ಮೈ ಸೆಳೆತಕ್ಕೇ ನಾಜೂಕಾದ ರಚನೆಗಳು ಬಿಲ್ಲೆಗೆ ಅಂಟಿಕೊಂಡುಬಿಡುತ್ತವೆ. ಹಾಗಾಗಿ ದ್ರವ-ಅನಿಲದ ಗೆರೆಯೇ ಅಳಿಸಿಹೋಗುವಷ್ಟು ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸಿ ಒಣಗಿಸುತ್ತಾರೆ.

ಇಸಿ ಓದುವವರಿಗೆ ಒಂದು ಉಪಯೋಗ ಥಟ್ಟನೆ ಅರ್ಥವಾಗುತ್ತದೆ. ಚಿಪ್ ಮೇಲೆ ಇಂಡಕ್ಟರ್ ಚಪ್ಪಟೆಯಾಗಿ ಬರೆದರೆ ಸಿಕ್ಕಾಪಟ್ಟೆ ಜಾಗ ತಿನ್ನುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶಿಯುಲಿಂಗ್ ಲಿ ಅವರ ತಂಡ ಸಿಲಿಕಾನ್ ನೈಟ್ರೈಡ್ ಪದರದ ಮೇಲೆ ಲೋಹದ ಗೆರೆ ಎಳೆದು, ಹಾಳೆಯನ್ನೇ ಸುತ್ತಿಸಿ ಇಂಡಕ್ಟರ್ ಮಾಡಿದೆ.

ವಿಎಲ್‌ಎಸ್‌ಐ ಎಂದರೆ ನಮ್ಮಲ್ಲಿ ವೆರಿಲಾಗ್ ಬರೆದು ಸಿಮ್ಯುಲೇಟರ್ ಓಡಿಸುವುದು. ಫ್ಯಾಬ್ರಿಕೇಶನ್ ಪಾಠ ಪರೀಕ್ಷೆ ಮುಗಿದ ಮೇಲೆ ನೆನಪಿರುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರದ ಕ್ಲೀನ್‌ರೂಮನ್ನು ಹೊರಗಿನ ಕಾಲೇಜಿನವರಿಗೂ ತೆರೆಯಲು ಐಎನ್‌ಯುಪಿ ಎಂಬ ಯೋಜನೆ ನಡೆದಿದೆ ಎಂಬುದು ನಮ್ಮ ಕ್ಲಾಸಿನಲ್ಲಿ ಮೊನ್ನೆವರೆಗೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ಸುರುಳಿಯ ವ್ಯಾಸದ ಲೆಕ್ಕವನ್ನೇ ಆರಿಸಿಕೊಳ್ಳುತ್ತೇನೆ ಅಂದೆ. ಮೇಡಂ ಇನ್ನೂ ಒಪ್ಪಿಲ್ಲ, 'ಪ್ಲೇಸ್‌ಮೆಂಟ್‌ಗೆ ಅನುಕೂಲವಾಗೋ ಹಾಗೆ ಒಂದು ಆ್ಯಪ್ ಮಾಡಪ್ಪ' ಅಂತಿದ್ದಾರೆ.