ಮಂಗಳವಾರದ ಬಾಗಿಲು

ಮುಳಬಾಗಿಲಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ದೊಡ್ಡವರಿಗೆ ಅದು ಅರ್ಧ ದಿನದ ದಣಿವು. ಆಟಿಸಂ ಇರುವ ಮಗುವಿಗೆ ಹಾರ್ನಿನ ಸದ್ದು, ಮೈಗೆ ಮೈ ಒತ್ತುವ ನೂಕುನುಗ್ಗಲು, ಡೀಸೆಲ್ ವಾಸನೆ, ಅದುರುವ ಕಿಟಕಿ ಎಲ್ಲವೂ ಒಂದೇ ಏಟಿಗೆ ಮೇಲೆರಗುತ್ತವೆ. ಅದು ಕಿವಿ ಮುಚ್ಚಿಕೊಂಡು ಕಿರುಚಿದರೆ ಪಕ್ಕದ ಸೀಟಿನವರು ‘ಎರಡು ಬಿಡಿ, ಸರಿಹೋಗುತ್ತೆ’ ಎನ್ನುತ್ತಾರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಸೋತು ಸುಣ್ಣ.

ಅದಕ್ಕೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಯವರಿಗೆ ಹತ್ತಿರದ ಬಾಗಿಲು ಗೊತ್ತಿರಬೇಕು. ಆ ಬಾಗಿಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ; ಅದು ಹುಟ್ಟಿದ್ದು ನಮ್ಮ ನಾಡಿನಲ್ಲೇ. 1985ರಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದರು. ಆ ‘ಬಳ್ಳಾರಿ ಮಾದರಿ’ 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿಟ್ಟು ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೇ ಕಳಿಸತೊಡಗಿತು.

ಈ ವ್ಯವಸ್ಥೆ ಮುಖ್ಯವಾಗಿ ಸ್ಕಿಜೋಫ್ರೇನಿಯಾ, ಖಿನ್ನತೆ, ಮೂರ್ಛೆರೋಗ ಇರುವವರಿಗಾಗಿ ಕಟ್ಟಿದ್ದು. ಆಟಿಸಂ ಇರುವವರು ಬಂದಾಗ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಹತ್ತು ಮಾತು ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೂಕವಾಗುತ್ತದೆ. ಹಾಸಿಗೆ ಒದ್ದೆ ಮಾಡತೊಡಗುತ್ತದೆ, ಕೈ ಕಚ್ಚಿಕೊಳ್ಳುತ್ತದೆ, ಶಾಲೆಯ ಗೇಟು ಕಂಡರೆ ನೆಲಕ್ಕೆ ಬೀಳುತ್ತದೆ. ‘ಆಟಿಸಂ ಜಾಸ್ತಿಯಾಗಿದೆ’ ಎಂದು ಮನೆಯವರು ಹೇಳುತ್ತಾರೆ, ಎಷ್ಟೋ ಸಲ ವೈದ್ಯರೂ ತಲೆದೂಗುತ್ತಾರೆ. ಆದರೆ ಯಾರೋ ಹೊಡೆದಿರಬಹುದು. ಮುಟ್ಟಬಾರದ ಕಡೆ ಮುಟ್ಟಿರಬಹುದು. ದಿನಾ ಅನ್ನ ಕಲಸಿ ಕೊಡುತ್ತಿದ್ದ ಅಜ್ಜಿ ತೀರಿಕೊಂಡದ್ದನ್ನು ಯಾರೂ ಅದಕ್ಕೆ ತಿಳಿಸಿ ಹೇಳದೆ ಇರಬಹುದು. ‘ಇವನಿಗೆ ಏನಾಯಿತು?’ ಎಂದು ಒಬ್ಬರಾದರೂ ಕೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಆತಂಕದ ಕಾಯಿಲೆಯೂ ಇರುತ್ತದೆ. ಅದು ಬೇರೆಯೇ ಕಾಯಿಲೆ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ಚಿಕಿತ್ಸೆಯ ಮೊದಲ ಹೆಜ್ಜೆ ನೋವು ಕೊಡುತ್ತಿರುವುದನ್ನು ನಿಲ್ಲಿಸುವುದು. ಆಮೇಲೆ ಅದೇ ಕೊಠಡಿ, ಅದೇ ಹೊತ್ತು, ಅದೇ ಮುಖ. ‘ಹೇಳು, ಏನಾಯ್ತು’ ಎಂದು ಪಟ್ಟು ಹಿಡಿಯುವ ಬದಲು ಚಿತ್ರಗಳು, ಗೊಂಬೆ, ಮಣ್ಣು. ಇವತ್ತು ಏನೇನು ನಡೆಯುತ್ತದೆ ಎಂದು ಮೊದಲೇ ತೋರಿಸುವ ಚಿತ್ರಪಟ್ಟಿ. ಮಾತ್ರೆ ನಿದ್ದೆಗೋ ಆತಂಕಕ್ಕೋ ನೆರವಾದೀತು, ಆಟಿಸಂ ಅನ್ನೇ ಇಲ್ಲವಾಗಿಸುವ ಮಾತ್ರೆ ಇಲ್ಲ.

ನಮ್ಮ ಕೋಲಾರ ಜಿಲ್ಲೆಗೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ‘ಮಗುವಿನ ಹತ್ತಿರ ಒಂದೇ ಭಾಷೆ ಆಡಿ’ ಎಂಬ ಸಲಹೆ ಕೇಳಿ ತಾಯಂದಿರು ಮನೆಮಾತನ್ನೇ ನುಂಗಿಕೊಂಡದ್ದುಂಟು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಹೆದರಿದ ಮಗುವನ್ನು ಜೋಗುಳದ ಭಾಷೆಯಲ್ಲೇ ಸಮಾಧಾನ ಮಾಡಿ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ, ಮಗುವಿನ ಸನ್ನೆ ಬಲ್ಲವರ ಅಥವಾ ವಿಶೇಷ ಶಿಕ್ಷಕರ ನೆರವಿನಲ್ಲಿ ಹೇಳಿಕೆ ಪಡೆಯಲು 2012ರ ಪೋಕ್ಸೊ ಕಾಯ್ದೆಯೇ ಅವಕಾಶ ಕೊಟ್ಟಿದೆ.

ಎಲ್ಲಿಂದ ಶುರು ಮಾಡುವುದು? ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ. ಊರಿನವರು ‘ವಿಆರ್‌ಡಬ್ಲ್ಯು’ ಎನ್ನುವ ಇವರು ತಾವೇ ಅಂಗವಿಕಲರು. ಕಚೇರಿಯಿಂದ ಕಚೇರಿಗೆ ಅಲೆಸಿಕೊಳ್ಳುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿಯ ಅರ್ಜಿಗೆ ಅವರೇ ದಿಕ್ಕು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗಾಗಿ ಅಷ್ಟೇ ಅಲ್ಲ, ವರ್ಷಗಟ್ಟಲೆ ನೆಟ್ಟಗೆ ನಿದ್ದೆ ಕಾಣದ ತಾಯಿಯೂ ತನಗಾಗಿ ಕರೆ ಮಾಡಬೇಕು.

ತಾಲ್ಲೂಕು ಆಸ್ಪತ್ರೆಗೆ ಹೊರಡುವ ಮುನ್ನ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯಿಂದ ಖಚಿತಪಡಿಸಿಕೊಳ್ಳಿ. ಒಂದು ನೋಟ್‌ಬುಕ್ ಜೊತೆಗಿರಲಿ: ನಿದ್ದೆ ಕೆಟ್ಟದ್ದು ಯಾವಾಗಿನಿಂದ, ಯಾವ ಜಾಗ ಕಂಡರೆ ಬೆದರುತ್ತದೆ, ಆ ವಾರ ಮನೆಗೆ ಯಾರು ಬಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು ವಾಸಸ್ಥಳದ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು, ತಪಾಸಣೆಯಲ್ಲಿ ಆದ್ಯತೆ ಇರಬೇಕು ಎನ್ನುತ್ತದೆ. ಸಾಲು ಉದ್ದವಿದ್ದರೆ ಮಗುವನ್ನು ಹೊರಗೆ ಮರದ ನೆರಳಲ್ಲಿ ಕೂರಿಸಿ, ಕಿಟಕಿಯ ಹತ್ತಿರ ಹೋಗಿ ಆ ಆದ್ಯತೆಯನ್ನು ಕೇಳಿ.