ಕುರಿಂಜಿಯ ಗಡುವು, ಶಾರ್ಕಿನ ಗಡುವು

ಮುನ್ನಾರಿನ ಬೆಟ್ಟಗಳಲ್ಲಿ 2006ರಲ್ಲಿ ಸಾಮೂಹಿಕವಾಗಿ ಅರಳಿದ ನೀಲಕುರಿಂಜಿಯು ಮತ್ತೆ ಹಾಗೆ ಅರಳಿದುದು 2018ರಲ್ಲಿ. ಹನ್ನೆರಡು ವರ್ಷ ಬರಿಯ ಹಸುರಾಗಿ ನಿಂತ ಗಿಡವು ಒಮ್ಮೆ ಹೂತು, ಬೀಜ ಚೆಲ್ಲಿ, ಸತ್ತುಹೋಗುತ್ತದೆ. ಇಡೀ ಗುಡ್ಡವೇ ಒಟ್ಟಿಗೆ ಹೂಬಿಡುವುದರಿಂದ, ಬೀಜಭಕ್ಷಕ ಜೀವಿಗಳು ಎಷ್ಟು ತಿಂದರೂ ಕೆಲವು ಬೀಜಗಳು ಮಿಗುತ್ತವೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಇಂತಹ ಗಿಡದೊಡನೆ ಸುತ್ತಿಗೆತಲೆಯ ಶಾರ್ಕನ್ನು ಹೋಲಿಸುವುದು ವಿಚಿತ್ರವೆನಿಸೀತು. ಆದರೆ ಸಂತಾನದ ವಿಷಯದಲ್ಲಿ ಎರಡಕ್ಕೂ ಆತುರವಿಲ್ಲ. ಈ ಹೆಣ್ಣು ಶಾರ್ಕು ಪ್ರಾಯಕ್ಕೆ ಬರಲು ಹಲವು ವರ್ಷಗಳೇ ಬೇಕು. ಅನಂತರ ಸುಮಾರು 9ರಿಂದ 12 ತಿಂಗಳ ಗರ್ಭ. ಮರಿಗಳಿಗೆ ತಾಯಿಯೊಡಲಿನಿಂದ ಪೋಷಣೆ ಒದಗುವುದು ನಮ್ಮಲ್ಲಿರುವಂತೆಯೇ ಹೊಕ್ಕುಳಬಳ್ಳಿಯ ಮೂಲಕ! ಸಾವಿರಾರು ಮೊಟ್ಟೆಗಳನ್ನು ಚೆಲ್ಲುವ ಬಂಗುಡೆಯೆಲ್ಲಿ, ಒಂದು ಸೂಲಿಗೆ ಕೆಲವೇ ಹತ್ತು ಮರಿಗಳನ್ನು ಹೆರುವ ಇದೆಲ್ಲಿ!

ಕುರಿಂಜಿಯು ಒಮ್ಮೆಗೇ ಎಲ್ಲವನ್ನೂ ವ್ಯಯಿಸುತ್ತದೆ. ಶಾರ್ಕು ಬದುಕಿರುವವರೆಗೆ ಮತ್ತೆ ಮತ್ತೆ ಹೆರುತ್ತದೆ. ಆದರೂ ಗಡುವಿಗೆ ಮುನ್ನ ಕಡಿದ ಗಿಡವಾಗಲಿ, ಪ್ರಾಯಕ್ಕೆ ಮುನ್ನ ಬಲೆಗೆ ಬಿದ್ದ ಮೀನಾಗಲಿ ತನ್ನ ಸ್ಥಾನಕ್ಕೆ ಒಂದು ಸಂತತಿಯನ್ನೂ ಬಿಟ್ಟುಹೋಗದು. 2019ರಲ್ಲಿ ಈ ಶಾರ್ಕನ್ನು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಕುರಿಂಜಿಗೆ ಇರವಿಕುಲಂ ರಾಷ್ಟ್ರೀಯ ಉದ್ಯಾನದ ಎಲ್ಲೆಯಾದರೂ ಉಂಟು. ಎಳೆಯ ಶಾರ್ಕುಗಳಾದರೋ ಬೆಳೆಯುವುದು ಕರಾವಳಿಯ ಆಳವಿಲ್ಲದ ನೀರಿನಲ್ಲಿ. ಬಲೆಗಳು ದಟ್ಟವಾಗಿರುವುದೂ ಅಲ್ಲಿಯೇ.