ಕೆಂಪು ಟಾರ್ಚು, ಕತ್ತಲ ಕಣ್ಣು

ನಿಮಗಿದು ಗೊತ್ತೆ? ಕತ್ತಲಿಗೆ ಪೂರ್ತಿ ಒಗ್ಗಿಕೊಳ್ಳಲು ನಮ್ಮ ಕಣ್ಣಿಗೆ 20–30 ನಿಮಿಷ ಬೇಕು. ಕರ್ನಾಟಕದ ಗಡಿಗೆ ಹತ್ತಿರದ, ಅನಂತಪುರ ಜಿಲ್ಲೆಯ ಕುಂದುರ್ಪಿಯಲ್ಲಿ ಅಮಾವಾಸ್ಯೆಯ ರಾತ್ರಿ ಬೀದಿದೀಪಗಳಿಂದ ದೂರ ಹೋಗಿ ನಿಂತರೆ ಮೊದಲು ಏನೂ ಕಾಣದು. ಸ್ವಲ್ಪ ಕಾದರೆ ಕೋಟೆಗುಡ್ಡದ ಅಂಚು ಮೂಡುತ್ತದೆ, ನಕ್ಷತ್ರಗಳು ಹೆಚ್ಚುತ್ತಾ ಹೋಗುತ್ತವೆ.

ಆ ಹೊತ್ತಿನಲ್ಲಿ ಕಣ್ಣಿನ ರಾಡ್ ಕೋಶಗಳು ರೊಡಾಪ್ಸಿನ್ ಎಂಬ ವರ್ಣದ್ರವ್ಯವನ್ನು ಮತ್ತೆ ತುಂಬಿಕೊಳ್ಳುತ್ತಿರುತ್ತವೆ. ಪಕ್ಕದವರು ಮೊಬೈಲ್ ಟಾರ್ಚ್ ಹಾಕಿದರೋ, ಕಾದದ್ದೆಲ್ಲ ನೀರುಪಾಲು! ರೊಡಾಪ್ಸಿನ್ ಹೆಚ್ಚಾಗಿ ಹೀರುವುದು 500 ನ್ಯಾನೊಮೀಟರ್ ಆಸುಪಾಸಿನ ನೀಲಿ-ಹಸಿರು ಬೆಳಕನ್ನು. 640ರಾಚೆಯ ಕಡುಗೆಂಪು ಅದಕ್ಕೆ ಹೆಚ್ಚುಕಡಿಮೆ ತಟ್ಟುವುದೇ ಇಲ್ಲ. ಆದರೆ ಹಗಲಿನ ನೋಟಕ್ಕೆ ನೆರವಾಗುವ ಕೋನ್ ಕೋಶಗಳು ಆ ಕೆಂಪಿನಲ್ಲೂ ನಕ್ಷೆ, ಗಡಿಯಾರ ಓದಬಲ್ಲವು. 1916ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ ಎಕ್ಸ್-ರೇ ವೈದ್ಯರಿಗೆ ಕೆಂಪು ಕನ್ನಡಕ ಸೂಚಿಸಿದ್ದು ಇದೇ ಗುಟ್ಟಿನಿಂದ: ಹೊರಗೆ ಬೆಳಕಿದ್ದರೂ ಕಣ್ಣು ಕತ್ತಲಕೋಣೆಗೆ ಸಿದ್ಧವಾಗುತ್ತಿತ್ತು.

ಕೆಂಪಾದರೂ ಪ್ರಖರವಾಗಿದ್ದರೆ ಪ್ರಯೋಜನವಿಲ್ಲ. ಬಣ್ಣಕ್ಕಿಂತ ಮಂದ ಬೆಳಕೇ ಮುಖ್ಯ ಎನ್ನಬಹುದು. ಟಾರ್ಚಿನ ಗಾಜಿಗೆ ಎರಡು ಮೂರು ಪದರ ಕೆಂಪು ಸೆಲ್ಲೊಫೇನ್ ಕಾಗದ ಸುತ್ತಿದರೆ ನಕ್ಷತ್ರ ನೋಡುವವರಿಗೆ ಸಾಕು. ನಕ್ಷೆಯಲ್ಲಿ ಕೆಂಪು ಶಾಯಿಯ ಗೆರೆಗಳಿದ್ದರೆ ಮಾತ್ರ ಅವು ಮಾಯವಾಗುತ್ತವೆ.

ರಾತ್ರಿ ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೊರಟವರು ಮಾತ್ರ ಕೆಂಪು ಟಾರ್ಚನ್ನು ನಂಬಿ ಹೋಗಬಾರದು. ಕೆಂಪು ಬೆಳಕಿನಲ್ಲಿ ಬಣ್ಣಗಳ ವ್ಯತ್ಯಾಸ ಅಳಿಸಿಹೋಗಿ, ಮಣ್ಣಿನ ಮೇಲೆ ಮಲಗಿದ ಕೊಳಕುಮಂಡಲ ಹಾವು ಕಣ್ಣಿಗೆ ಬೀಳದೇ ಹೋಗಬಹುದು. ಅಲ್ಲಿಗೆ ಬಿಳಿ ಟಾರ್ಚೇ ಸರಿ.